ಹೊತ್ತಿ ಆರುವ ಗರಗಸ

ಮರ ಕೊಯ್ಯುವ ಪೆಟ್ರೋಲ್ ಗರಗಸ, ಅಂದರೆ ಜನರ ಬಾಯಲ್ಲಿ ಚೈನ್ ಸಾ ಅಥವಾ ಕಟಿಂಗ್ ಮಿಷನ್ ಎನಿಸಿಕೊಂಡಿರುವ ಯಂತ್ರ, ಎರಡು ರೀತಿಯಲ್ಲಿ ಕೈಕೊಡುತ್ತದೆ. ಹಗ್ಗವನ್ನು ಎಷ್ಟು ಎಳೆದರೂ ಉಸಿರೆತ್ತದಿರುವುದು ಒಂದು ರೀತಿಯಾದರೆ, ಎರಡು ಮೂರು ಎಳೆತಕ್ಕೇ ಹೊತ್ತಿಕೊಂಡು, ಕೆಲವು ಕ್ಷಣವೋ ಕೆಲವು ನಿಮಿಷವೋ ಓಡಿ, ಕೆಲಸ ಕುದುರುವ ಹೊತ್ತಿಗೆ ಆರಿಹೋಗುವುದು ಇನ್ನೊಂದು ರೀತಿ. ಈ ಎರಡನೆಯದು ಕೆಲಸಗಾರನನ್ನು ಹೆಚ್ಚು ದಣಿಸುತ್ತದೆ. ಹೇಗೂ ಹೊತ್ತಿಕೊಳ್ಳುತ್ತದಲ್ಲ ಎಂಬ ಆಸೆಯಿಂದ ಹಗ್ಗ ಎಳೆಯುತ್ತಲೇ ಇರುವುದರಿಂದ ಮೈಯೂ, ಊಹೆಯ ಮೇಲೆ ಒಂದೊಂದೇ ಬಿಡಿಭಾಗ ಬದಲಾಯಿಸುತ್ತ ಹೋಗುವುದರಿಂದ ಕೈಯ ಹಣವೂ ಸವೆಯುತ್ತವೆ. ಆದರೆ ನಿದಾನದ ದೃಷ್ಟಿಯಿಂದ, ಅಂದರೆ ವೈದ್ಯಶಾಸ್ತ್ರ ಹೇಳುವಂತೆ ರೋಗದ ಮೂಲವನ್ನು ಗುರುತಿಸುವ ದೃಷ್ಟಿಯಿಂದ ನೋಡಿದರೆ, ಎರಡರಲ್ಲಿ ಇದೇ ಸುಲಭವಾದದ್ದು. ಒಮ್ಮೆ ಹೊತ್ತಿಕೊಂಡ ಎಂಜಿನ್, ತನ್ನಲ್ಲಿ ಕಿಡಿ ಇದೆ, ಒತ್ತಡ ಇದೆ, ಒಂದಿಷ್ಟಾದರೂ ಇಂಧನ ಒಳಗೆ ತಲುಪಿದೆ ಎಂಬ ಮೂರು ಸಾಕ್ಷ್ಯಗಳನ್ನು ತಾನಾಗಿಯೇ ಕೊಟ್ಟಿರುತ್ತದೆ. ಈ ಮೂರರಲ್ಲಿ ಯಾವುದು ಮುಂದುವರಿಯಲಿಲ್ಲ ಎಂಬುದಷ್ಟೇ ಉಳಿದ ಪ್ರಶ್ನೆ. ಅದಕ್ಕೆ ಉತ್ತರವು ಯಂತ್ರ ಯಾವಾಗ ಮತ್ತು ಹೇಗೆ ನಿಂತಿತು ಎಂಬುದರಲ್ಲಿಯೇ ಅಡಗಿರುತ್ತದೆ.

ಗಡಿಸೀಮೆಯ ಮರಗಳು

ಇಂಥ ಗರಗಸಕ್ಕೆ ಕೆಲಸ ಕೊಡುವ ಗಡಿಸೀಮೆಯ ಊರುಗಳಾದ ಹಿಂದೂಪುರ ಮತ್ತು ಕಲ್ಯಾಣದುರ್ಗ 2022ರ ಏಪ್ರಿಲ್‌ವರೆಗೆ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಗೇ ಸೇರಿದ್ದವು. ಆಗ ನಡೆದ ಜಿಲ್ಲಾ ವಿಭಜನೆಯಲ್ಲಿ ಹಿಂದೂಪುರವು ಹೊಸದಾಗಿ ರಚನೆಯಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಗಿ, ಕಲ್ಯಾಣದುರ್ಗ ಹಳೆಯ ಜಿಲ್ಲೆಯಲ್ಲಿ ಉಳಿಯಿತು. ಗೌರಿಬಿದನೂರು, ಮಧುಗಿರಿ, ಪಾವಗಡಗಳಿಗೆ ಅಂಟಿಕೊಂಡಿರುವ ಈ ಸೀಮೆಯ ಸಂತೆಗಳಲ್ಲಿ ಕನ್ನಡವೂ ತೆಲುಗೂ ಒಟ್ಟಿಗೆ ಕೇಳಿಸುತ್ತವೆ; ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರಗಳ ಕಡೆ ಕನ್ನಡವೇ ಮನೆಮಾತಾಗಿರುವ ಹಳ್ಳಿಗಳು ಅನೇಕ. ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸಿನ ಮಳೆಯನ್ನಷ್ಟೇ ಕಾಣುವ ನೆಲವಾದ್ದರಿಂದ ಇಲ್ಲಿ ದಟ್ಟ ಕಾಡುಗಳಿಲ್ಲ, ಮಲೆನಾಡಿನಲ್ಲಿರುವಂಥ ಮರಗೆಲಸವೂ ಇಲ್ಲ. ಆದರೂ ಗರಗಸಕ್ಕೆ ಕೆಲಸ ಕಡಿಮೆಯೇನಿಲ್ಲ.

ಹಿಂದೂಪುರದ ಮಾರುಕಟ್ಟೆಗೆ ಹೆಸರು ತಂದಿರುವ ಹುಣಸೆಯ ಮರಗಳಲ್ಲಿ ಒಣಗಿದ ಕೊಂಬೆಗಳನ್ನು ತೆಗೆಯಬೇಕಾಗುತ್ತದೆ. ಅಂತರ್ಜಲ ಕುಸಿದು ಒಣಗಿದ ತೆಂಗು, ಅಡಿಕೆ ತೋಟಗಳನ್ನು ತೆರವು ಮಾಡಬೇಕಾಗುತ್ತದೆ. ಅನಂತಪುರದ ಕಡೆ ಚೀನಿ ಎಂದು ಕರೆಯಲಾಗುವ ಮೋಸಂಬಿಯ ತೋಟಗಳು ಕೊಳವೆಬಾವಿ ಬತ್ತಿದ ವರ್ಷ ಸೌದೆಯಾಗುತ್ತವೆ. ಇವೆಲ್ಲಕ್ಕಿಂತ ಹೆಚ್ಚಾಗಿ ಕನ್ನಡದಲ್ಲಿ ಬಳ್ಳಾರಿ ಜಾಲಿ ಎಂದೂ ತೆಲುಗಿನಲ್ಲಿ ಸರ್ಕಾರು ತುಮ್ಮ ಎಂದೂ ಕರೆಯಲಾಗುವ ಮುಳ್ಳುಮರ ಕೆರೆಯಂಗಳ, ಹಳ್ಳದ ದಡ, ಬೀಳು ಹೊಲಗಳನ್ನು ಆವರಿಸಿದೆ. ಪಕ್ಕದ ಕಡಪ ಜಿಲ್ಲೆಯ ಕಮಲಾಪುರದಲ್ಲಿ 1877ರಲ್ಲಿ ಜಮೈಕಾದಿಂದ ತರಿಸಿದ ಬೀಜದಿಂದ ಬೆಳೆಸಲಾದ ಈ ಗಿಡ ಒಂದೂವರೆ ಶತಮಾನದಲ್ಲಿ ಇಡೀ ಒಣಸೀಮೆಯ ಸೌದೆ ಮತ್ತು ಇದ್ದಿಲಿನ ಮೂಲವಾಗಿ ಹಬ್ಬಿದೆ.

ಈ ಮರಗಳ ಸ್ವಭಾವವೂ ಕೆಲಸದ ಕಾಲವೂ ಯಂತ್ರದ ಆರೋಗ್ಯಕ್ಕೆ ನೇರವಾಗಿ ಸಂಬಂಧಿಸಿವೆ. ಹುಣಸೆ ಮತ್ತು ಜಾಲಿಯ ಕಟ್ಟಿಗೆ ಗಟ್ಟಿ. ತೊಗಟೆಯ ಸಂದುಗಳಲ್ಲಿ ಕೆಂಪುಮಣ್ಣಿನ ದೂಳು ತುಂಬಿರುವುದರಿಂದ ಸರಪಣಿಯ ಹಲ್ಲು ಬೇಗ ಮೊಂಡಾಗುತ್ತದೆ. ತೆಂಗಿನ ಕಾಂಡ ಚಕ್ಕೆಯಾಗಿ ಉದುರದೆ ನಾರುನಾರಾಗಿ ಬಂದು ಸ್ಪ್ರಾಕೆಟ್ ಮುಚ್ಚಳದೊಳಗೆ ಸಿಕ್ಕಿಕೊಳ್ಳುತ್ತದೆ. ಕೊಯ್ಯುವ ಕೆಲಸ ಹೆಚ್ಚಾಗಿ ಬೇಸಿಗೆಯದು. ಮುಂಗಾರು ಹಿಡಿದು ಕಡಲೆಕಾಯಿ ಬಿತ್ತನೆ ಆರಂಭವಾದರೆ ರೈತನ ಮನೆಯ ಗರಗಸ, ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಸಮೇತ, ತಿಂಗಳುಗಟ್ಟಲೆ ಮೂಲೆ ಸೇರುತ್ತದೆ. ದೂಳು, ಬಿಸಿಲು ಮತ್ತು ಹಳಸಿದ ಪೆಟ್ರೋಲ್ ಈ ಮೂರೂ ಒಂದೇ ಯಂತ್ರದ ಮೇಲೆ ಬೀಳುವ ಸೀಮೆ ಇದಾದ್ದರಿಂದ, ಹೊತ್ತಿ ಆರುವ ರೋಗದ ಅಧ್ಯಯನಕ್ಕೆ ಇದಕ್ಕಿಂತ ಒಳ್ಳೆಯ ನೆಲೆ ಬೇಕಿಲ್ಲ.

ಎಣ್ಣೆ ಪೆಟ್ರೋಲಿನ ಜೊತೆಗೇ ಬರುವ ಎಂಜಿನ್

ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ವಿದ್ಯುತ್ತಿನಿಂದ ನಡೆಯುವ ಸರಪಣಿ ಗರಗಸವನ್ನೂ 1929ರಲ್ಲಿ ಪೆಟ್ರೋಲಿನದನ್ನೂ ತಯಾರಿಸಿದಾಗ ಅದನ್ನು ಹಿಡಿಯಲು ಇಬ್ಬರು ಬೇಕಾಗುತ್ತಿತ್ತು. ಒಬ್ಬನೇ ಹಿಡಿದು, ಮೇಲೆ ಕೆಳಗೆ ಅಡ್ಡಕ್ಕೆ ಎತ್ತ ಬೇಕಾದರೂ ತಿರುಗಿಸಿ ಕೊಯ್ಯುವಂತಾದದ್ದು ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ; ಅದಕ್ಕೆ ಹಗುರವಾದ ಲೋಹದಷ್ಟೇ ಮುಖ್ಯ ಕಾರಣ ಡಯಾಫ್ರಾಮ್ ಕಾರ್ಬುರೇಟರ್ ಎಂಬ ಪುಟ್ಟ ಭಾಗ. ಕಾರ್ಬುರೇಟರ್ ಎಂದರೆ ಗಾಳಿಗೆ ತಕ್ಕ ಪ್ರಮಾಣದಲ್ಲಿ ಪೆಟ್ರೋಲ್ ಬೆರೆಸುವ ಸಾಧನ. ಹಳೆಯ ಮೋಟಾರ್ ಬೈಕಿನ ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಒಂದು ಬಟ್ಟಲೂ ಅದರೊಳಗೆ ತೇಲುವ ಒಂದು ಬುರುಡೆಯೂ ಇರುತ್ತವೆ. ಗಾಡಿ ನೆಟ್ಟಗಿರುವವರೆಗೆ ಮಾತ್ರ ಈ ವ್ಯವಸ್ಥೆ ನಡೆಯುತ್ತದೆ. ಗರಗಸವನ್ನು ಮಗ್ಗುಲಾಗಿಸಿ ಬಳಸುವುದರಿಂದ ಅದರ ಕಾರ್ಬುರೇಟರಿನಲ್ಲಿ ಬಟ್ಟಲಿನ ಬದಲು ಎರಡು ತೆಳುಪೊರೆಗಳನ್ನು ಇಡಲಾಗಿದೆ. ಒಂದು ಪೊರೆ ಎಂಜಿನ್ನಿನೊಳಗಿನ ಒತ್ತಡದ ಏರಿಳಿತಕ್ಕೆ ತಕ್ಕಂತೆ ನಡುಗುತ್ತ ಟ್ಯಾಂಕಿನಿಂದ ಪೆಟ್ರೋಲ್ ಎಳೆದು ತರುತ್ತದೆ. ಇನ್ನೊಂದು ಪೊರೆ ಚಿಕ್ಕ ಸನ್ನೆಕೋಲೊಂದನ್ನು ಒತ್ತಿ ಸೂಜಿಬಾಗಿಲನ್ನು ತೆರೆದು ಮುಚ್ಚುತ್ತ ಅಳತೆಯಷ್ಟನ್ನೇ ಒಳಬಿಡುತ್ತದೆ. ಈ ಪೊರೆಗಳು ಮೆದುವಾಗಿರುವವರೆಗೆ ಯಂತ್ರ ಓಡುತ್ತದೆ, ಹಪ್ಪಳದಂತೆ ಬಿರುಸಾದರೆ ನಿಲ್ಲುತ್ತದೆ.

ಇಂಥ ಗರಗಸದ ಎಂಜಿನ್ ಸಾಮಾನ್ಯವಾಗಿ ಟು-ಸ್ಟ್ರೋಕ್ ಜಾತಿಯದು. ಹಳ್ಳಿಗಳಲ್ಲಿ ಓಡಾಡುತ್ತಿದ್ದ ಹಳೆಯ ಮೊಪೆಡ್‌ಗಳಂತೆ ಇದಕ್ಕೂ ಪ್ರತ್ಯೇಕ ಎಂಜಿನ್ ಆಯಿಲಿನ ತೊಟ್ಟಿ ಇಲ್ಲ. ಪೆಟ್ರೋಲಿಗೆ ಬೆರೆಸಿದ ಟು-ಟಿ ಆಯಿಲ್, ಪೆಟ್ರೋಲಿನ ಹಬೆಯ ಜೊತೆಗೇ ಒಳಗೆ ಹೋಗಿ ಪಿಸ್ಟನ್, ಬೇರಿಂಗ್‌ಗಳನ್ನು ನುಣುಪಾಗಿಡುತ್ತದೆ. ಆದ್ದರಿಂದ ಪೆಟ್ರೋಲ್ ಸಾಲದೆ ನಿಲ್ಲುತ್ತಿರುವ ಗರಗಸಕ್ಕೆ ಎಣ್ಣೆಯೂ ಸಾಲುತ್ತಿಲ್ಲ ಎಂದೇ ಅರ್ಥ. ಕಾರು ಅಥವಾ ಬೈಕು ಪೆಟ್ರೋಲ್ ಸಿಗದೆ ನಿಂತರೆ ಅದು ತೊಂದರೆ ಮಾತ್ರ. ಗರಗಸ ಹಾಗೆ ನಿಂತರೆ ಅದು ಎಚ್ಚರಿಕೆ. ಆ ಎಚ್ಚರಿಕೆಯನ್ನು ಕಡೆಗಣಿಸಿ ನಿಮಿಷಕ್ಕೆ ಹನ್ನೆರಡು ಸಾವಿರ ಸುತ್ತಿನ ಆಸುಪಾಸಿನಲ್ಲಿ ಓಡಿಸಿದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಮೆಕ್ಯಾನಿಕ್ಕುಗಳು ಎಂಜಿನ್ ಸೀಜ್ ಆಯಿತು ಎನ್ನುವುದು ಇದಕ್ಕೇ.

ನಿಲ್ಲುವ ಬಗೆ, ನಿಲ್ಲುವ ದನಿ

ಮಿಶ್ರಣದಲ್ಲಿ ತಕ್ಕ ಪ್ರಮಾಣಕ್ಕಿಂತ ಗಾಳಿ ಹೆಚ್ಚಾದರೆ ಅದನ್ನು ತೆಳು ಮಿಶ್ರಣ ಎಂದೂ, ಪೆಟ್ರೋಲ್ ಹೆಚ್ಚಾದರೆ ಗಾಢ ಮಿಶ್ರಣ ಎಂದೂ ಕರೆಯಬಹುದು; ಮೆಕ್ಯಾನಿಕ್ಕುಗಳ ಮಾತಿನಲ್ಲಿ ಇವು ಲೀನ್ ಮತ್ತು ರಿಚ್. ನಿಲ್ಲುವ ಮುನ್ನ ಎಂಜಿನ್ ಒಮ್ಮೆ ಚೀರಿ, ವೇಗ ಏರಿಸಿ, ತಟ್ಟನೆ ನಿಂತರೆ ಅದು ತೆಳುವಿನ ಲಕ್ಷಣ. ಮುಗ್ಗರಿಸುತ್ತ, ಗೊರಗುಟ್ಟುತ್ತ, ಹೊಗೆ ಬಿಟ್ಟು ನಿಂತರೆ ಗಾಢದ ಲಕ್ಷಣ. ಈ ಒಂದು ವ್ಯತ್ಯಾಸವನ್ನು ಕಿವಿ ಗುರುತಿಸಿದರೆ ಹುಡುಕಾಟದ ಅರ್ಧ ದಾರಿ ಕಳೆದಂತೆ. ಉಳಿದರ್ಧಕ್ಕೆ ಯಂತ್ರ ನಿಲ್ಲುವ ಸಂದರ್ಭ ನೆರವಾಗುತ್ತದೆ. ಆ ಸಂದರ್ಭಗಳನ್ನು ಐದಾಗಿ ವಿಂಗಡಿಸಬಹುದು.

ಮೊದಲನೆಯದು, ಹೊತ್ತಿದ ಎರಡು ಮೂರು ಸೆಕೆಂಡಿನಲ್ಲೇ ನಿಲ್ಲುವುದು. ಇಲ್ಲಿ ಮೊದಲು ಪರೀಕ್ಷೆಗೆ ಒಳಗಾಗಬೇಕಾದದ್ದು ಯಂತ್ರವಲ್ಲ, ಹಗ್ಗ ಎಳೆಯುವ ಕ್ರಮ. ಚೋಕ್ ಎಂದರೆ ಗಾಳಿಯ ದಾರಿಯನ್ನು ಮುಚ್ಚಿ ಮಿಶ್ರಣವನ್ನು ಗಾಢಗೊಳಿಸುವ ಪುಟ್ಟ ಬಾಗಿಲು. ಅದನ್ನು ಪೂರ್ತಿ ಎಳೆದಿರುವಾಗ ತಣ್ಣನೆಯ ಎಂಜಿನ್ ಒಮ್ಮೆ ಕೆಮ್ಮಿದಂತೆ ಸದ್ದು ಮಾಡಿ ಆರುವುದು ಸಹಜ. ಆ ಸದ್ದು ಕೇಳಿದೊಡನೆ ಚೋಕನ್ನು ಅರ್ಧಕ್ಕೆ ತಂದು ಮತ್ತೆ ಎಳೆಯಬೇಕು. ಹಾಗೆ ಮಾಡದೆ ಎಳೆಯುತ್ತಲೇ ಹೋದರೆ ಸಿಲಿಂಡರಿನೊಳಗೆ ಪೆಟ್ರೋಲ್ ತುಂಬಿ, ಸ್ಪಾರ್ಕ್ ಪ್ಲಗ್ ತೊಯ್ದು, ಇರದ ರೋಗವೊಂದು ಹುಟ್ಟಿಕೊಳ್ಳುತ್ತದೆ. ಪ್ಲಗ್ ಬಿಚ್ಚಿ ಒರೆಸಿ, ಚೋಕ್ ಪೂರ್ತಿ ತೆಗೆದು, ಹಗ್ಗವನ್ನು ಏಳೆಂಟು ಬಾರಿ ಎಳೆದು, ಸ್ವಲ್ಪ ಹೊತ್ತು ಆರಲು ಬಿಟ್ಟರೆ ಅದು ವಾಸಿಯಾಗುತ್ತದೆ. ಕ್ರಮ ಸರಿಯಾಗಿದ್ದೂ ಚೋಕ್ ಇರುವಷ್ಟು ಹೊತ್ತು ಮಾತ್ರ ಓಡಿ, ಚೋಕ್ ತೆಗೆದೊಡನೆ ನಿಂತರೆ ಎಂಜಿನ್ ಪೆಟ್ರೋಲಿಗೆ ಹಸಿದಿದೆ ಎಂದು ತಿಳಿಯಬೇಕು: ಪೆಟ್ರೋಲ್ ಬರುವ ದಾರಿ ಎಲ್ಲೋ ಕಟ್ಟಿದೆ, ಇಲ್ಲವೇ ಗಾಳಿ ಕಳ್ಳದಾರಿಯಿಂದ ನುಗ್ಗುತ್ತಿದೆ.

ಎರಡನೆಯದು, ಆಕ್ಸಿಲರೇಟರ್ ಒತ್ತಿ ಹಿಡಿದರೆ ಓಡಿ, ಬಿಟ್ಟೊಡನೆ ನಿಲ್ಲುವುದು. ಕಾರ್ಬುರೇಟರಿನ ನಿಧಾನಗತಿಯ ಸಣ್ಣ ರಂಧ್ರಗಳು ಕಟ್ಟಿರುವುದು ಅಥವಾ ಆ ಗತಿಯ ಹೊಂದಾಣಿಕೆ ತಪ್ಪಿರುವುದು ಇದಕ್ಕೆ ಕಾರಣ. ಮೂರನೆಯದು, ನಿಧಾನಗತಿಯಲ್ಲಿ ಚೆನ್ನಾಗಿದ್ದು ಒತ್ತಿದೊಡನೆ ಸೋಲುವುದು. ವೇಗಕ್ಕೆ ಬೇಕಾದಷ್ಟು ಪೆಟ್ರೋಲ್ ಬಾರದಿರುವುದು, ಗಾಳಿಯ ಫಿಲ್ಟರ್ ಮುಚ್ಚಿಹೋಗಿರುವುದು ಅಥವಾ ಸೈಲೆನ್ಸರಿನ ಬಾಯಿ ಮಸಿಯಿಂದ ಕಟ್ಟಿರುವುದು ಇದಕ್ಕೆ ಮೂಲ. ನಾಲ್ಕನೆಯದು, ಹತ್ತು ಹದಿನೈದು ನಿಮಿಷ ನಿರಾತಂಕವಾಗಿ ಕೊಯ್ದು ಆಮೇಲೆ ನಿಂತು, ತಣಿದ ಮೇಲೆ ಮತ್ತೆ ಹೊತ್ತಿಕೊಳ್ಳುವುದು. ಇದು ಶಾಖಕ್ಕೂ ಟ್ಯಾಂಕಿನ ಉಸಿರಿಗೂ ಸಂಬಂಧಿಸಿದ್ದು. ಐದನೆಯದು, ನೆಟ್ಟಗಿರುವಾಗ ಓಡಿ, ಮಗ್ಗುಲಾಗಿಸಿದೊಡನೆ ನಿಲ್ಲುವುದು. ಟ್ಯಾಂಕಿನೊಳಗಿನ ರಬ್ಬರ್ ನಳಿಕೆ ಬಿರುಸಾಗಿ ಪೆಟ್ರೋಲ್ ಇರುವ ಕಡೆಗೆ ಬಾಗದೆ ಗಾಳಿ ಹೀರುತ್ತಿದ್ದರೆ ಹೀಗಾಗುತ್ತದೆ.

ಬಂಕಿನಿಂದ ಬಂದ ಬದಲಾವಣೆ

ಪೆಟ್ರೋಲಿನ ದಾರಿಯನ್ನು ಹುಡುಕುವ ಮೊದಲು ಪೆಟ್ರೋಲನ್ನೇ ಪರೀಕ್ಷಿಸುವುದು ಯುಕ್ತ. ಕಬ್ಬು ಮತ್ತು ಧಾನ್ಯಗಳಿಂದ ತೆಗೆಯುವ ಎಥನಾಲ್ ಎಂಬ ಮದ್ಯಸಾರವನ್ನು ಪೆಟ್ರೋಲಿಗೆ ಬೆರೆಸುವ ಪ್ರಮಾಣ ಭಾರತದಲ್ಲಿ 2022ರ ಜೂನ್ ಹೊತ್ತಿಗೆ ಸರಾಸರಿ ಶೇಕಡಾ 10ಕ್ಕೂ, 2025ರಲ್ಲಿ ಶೇಕಡಾ 20ಕ್ಕೂ ಏರಿತು. ಗರಗಸ ತಯಾರಿಸುವ ಹಲವು ಕಂಪನಿಗಳ ಕೈಪಿಡಿಗಳು ಶೇಕಡಾ 10ರ ಮಿತಿಯನ್ನು ಹೇಳುತ್ತವೆ. ಈ ಅಂತರದ ಪರಿಣಾಮ ಮೂರು ಬಗೆಯದು. ಎಥನಾಲ್ ತನ್ನೊಳಗೇ ಆಮ್ಲಜನಕವನ್ನು ಹೊಂದಿರುವುದರಿಂದ, ಬರಿಯ ಪೆಟ್ರೋಲಿಗೆ ಹೊಂದಿಸಿದ ಕಾರ್ಬುರೇಟರ್ ಅದೇ ಹೊಂದಾಣಿಕೆಯಲ್ಲಿ ಈಗ ತೆಳು ಮಿಶ್ರಣವನ್ನು ಕೊಡುತ್ತದೆ. ಹಿಂದಿನ ವರ್ಷ ಸರಿಯಾಗಿದ್ದ ಯಂತ್ರ, ಯಾರೂ ಮುಟ್ಟದಿದ್ದರೂ, ಈ ವರ್ಷ ಹೊತ್ತಿ ಆರುವುದಕ್ಕೆ ಇದೂ ಒಂದು ಕಾರಣವಾಗಬಲ್ಲದು. ಎರಡನೆಯದಾಗಿ, ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಮಿತಿ ಮೀರಿದಾಗ ನೀರೂ ಎಥನಾಲೂ ಒಟ್ಟಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪೆಟ್ರೋಲ್ ಹೀರುವ ನಳಿಕೆಯ ಬಾಯಿಯೂ ಅದೇ ತಳದಲ್ಲಿರುತ್ತದೆ. ಮೂರನೆಯದಾಗಿ, ಇಂಥ ಇಂಧನಕ್ಕೆಂದು ತಯಾರಾಗದ ರಬ್ಬರಿನ ನಳಿಕೆ ಮತ್ತು ಪೊರೆಗಳು ಉಬ್ಬಿ, ಮತ್ತೆ ಒಣಗಿ, ಬಿರುಸಾಗಿ ಬಿರಿಯುತ್ತವೆ.

ಎಥನಾಲ್ ಇಲ್ಲದಿದ್ದರೂ ತಿಂಗಳು ಮೀರಿ ಇಟ್ಟ ಪೆಟ್ರೋಲಿನ ಹಗುರಾದ ಅಂಶಗಳು ಆವಿಯಾಗುತ್ತ ಹೋಗಿ, ಕೊನೆಗೆ ಉಳಿದ ಅಂಟು ಕಾರ್ಬುರೇಟರಿನ ಸಣ್ಣ ರಂಧ್ರಗಳಲ್ಲಿ ಮೆತ್ತಿಕೊಳ್ಳುತ್ತದೆ. ಆದುದರಿಂದ ಹೊತ್ತಿ ಆರುವ ಯಂತ್ರದ ಮೊದಲ ಚಿಕಿತ್ಸೆ ಟ್ಯಾಂಕನ್ನು ಪೂರ್ತಿ ಬರಿದು ಮಾಡಿ, ಆ ದಿನ ತಂದ ಪೆಟ್ರೋಲಿಗೆ ಹೊಸದಾಗಿ ಆಯಿಲ್ ಬೆರೆಸಿ ಹಾಕುವುದು. ಬೆರೆಸುವ ಅಳತೆ ಯಂತ್ರದ ಕೈಪಿಡಿಯಲ್ಲಿರುತ್ತದೆ: 50ಕ್ಕೆ 1 ಎಂದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್, 40ಕ್ಕೆ 1 ಎಂದರೆ 25, 25ಕ್ಕೆ 1 ಎಂದರೆ 40. ಬಾಟಲಿಯ ಮುಚ್ಚಳದ ಲೆಕ್ಕದಲ್ಲಿ, ಕೈಅಂದಾಜಿನಲ್ಲಿ ಸುರಿಯುವ ರೂಢಿ ಎರಡೂ ಕಡೆ ತಪ್ಪಿಸುತ್ತದೆ. ಕಡಿಮೆಯಾದರೆ ಪಿಸ್ಟನ್ ಸುಡುತ್ತದೆ, ಹೆಚ್ಚಾದರೆ ಪ್ಲಗ್ಗಿಗೂ ಸೈಲೆನ್ಸರಿಗೂ ಮಸಿ ಹಿಡಿಯುತ್ತದೆ.

ಅಗ್ಗದ್ದರಿಂದ ದುಬಾರಿಯ ಕಡೆಗೆ

ಹೊಸ ಪೆಟ್ರೋಲಿನಿಂದಲೂ ಗುಣ ಕಾಣದಿದ್ದರೆ ಪರೀಕ್ಷೆಯ ಕ್ರಮ ಮುಖ್ಯವಾಗುತ್ತದೆ. ಖರ್ಚಿಲ್ಲದ್ದು ಮೊದಲು, ಅಗ್ಗದ್ದು ಆಮೇಲೆ, ದುಬಾರಿಯದು ಕೊನೆಗೆ ಎಂಬುದೇ ಇಲ್ಲಿನ ಸೂತ್ರ. ನಿದಾನಕ್ಕೆ ನಿಧಾನ ಬೇಕು ಎಂಬ ಮಾತು ಯಂತ್ರಕ್ಕೂ ಸಲ್ಲುತ್ತದೆ. ಯಾವ ಭಾಗವನ್ನೇ ಬಿಚ್ಚುವುದಿದ್ದರೂ ಎಂಜಿನ್ ಆರಿಸಿ, ತಣಿಯಲು ಬಿಟ್ಟು (ನಿಂತೊಡನೆಯೇ ನೋಡಬೇಕಾದ ಟ್ಯಾಂಕಿನ ಮುಚ್ಚಳ ಮತ್ತು ಪ್ಲಗ್ಗಿನ ಹೊರತು), ಪ್ಲಗ್ಗಿನ ಟೋಪಿಯನ್ನು ಕಳಚಿಡಬೇಕೆಂಬುದು ಈ ಕ್ರಮದ ಮೊದಲ ಶರತ್ತು.

ಖರ್ಚಿಲ್ಲದ ಮೊದಲ ಪರೀಕ್ಷೆ ಟ್ಯಾಂಕಿನ ಮುಚ್ಚಳದ್ದು. ಪೆಟ್ರೋಲ್ ಖಾಲಿಯಾಗುತ್ತ ಹೋದಂತೆ ಆ ಜಾಗಕ್ಕೆ ಗಾಳಿ ಬರಬೇಕು. ಅದಕ್ಕಾಗಿ ಇರುವ ಸಣ್ಣ ಉಸಿರುದಾರಿಯು ದೂಳಿನಿಂದ ಮುಚ್ಚಿದರೆ ಟ್ಯಾಂಕಿನೊಳಗೆ ನಿರ್ವಾತ ಬೆಳೆದು ಪೊರೆಯ ಪಂಪು ಎಳೆಯಲಾರದೆ ಸೋಲುತ್ತದೆ. ಯಂತ್ರ ನಿಂತೊಡನೆ ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿದಾಗ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುವ ಉಸ್ ಎಂಬ ಸದ್ದು ಬಂದು, ಆಮೇಲೆ ಯಂತ್ರ ಸರಾಗವಾಗಿ ಹೊತ್ತಿಕೊಂಡರೆ ರೋಗ ಅಲ್ಲೇ ಪತ್ತೆಯಾದಂತೆ. ಬಿಸಿ ಎಂಜಿನ್ನಿನ ಟ್ಯಾಂಕಿನಿಂದ ಪೆಟ್ರೋಲ್ ಆವಿ ಹೊರಕ್ಕೆ ಚಿಮ್ಮುವ ಸಾಧ್ಯತೆಯೂ ಇರುವುದರಿಂದ ಬೀಡಿ, ಬೆಂಕಿ ಹತ್ತಿರ ಇರಬಾರದು.

ಎರಡನೆಯದು ಗಾಳಿಯ ಫಿಲ್ಟರ್. ಇಲ್ಲಿ ಕಾರಣಗಳ ಸರಪಣಿಯೊಂದನ್ನು ಗಮನಿಸಬೇಕು. ಹರಿತವಾದ ಹಲ್ಲು ಮರವನ್ನು ಚಕ್ಕೆಯಾಗಿ ಎಬ್ಬಿಸುತ್ತದೆ, ಮೊಂಡು ಹಲ್ಲು ಹಿಟ್ಟಾಗಿ ಉದುರಿಸುತ್ತದೆ, ಆ ಹಿಟ್ಟು ಕೆಂಪುಮಣ್ಣಿನ ದೂಳಿನೊಡನೆ ಸೇರಿ ಫಿಲ್ಟರನ್ನು ಮೆತ್ತುತ್ತದೆ, ಗಾಳಿ ಕಡಿಮೆಯಾಗಿ ಮಿಶ್ರಣ ಗಾಢವಾಗುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಎಂಜಿನ್ ನಿಲ್ಲುತ್ತದೆ. ಒಂದು ಮೊಂಡು ಸರಪಣಿ ಹೀಗೆ ಕಾರ್ಬುರೇಟರಿನ ರೋಗದ ವೇಷ ತೊಟ್ಟು ಬರಬಲ್ಲದು. ಜಾಲಿಯ ಬುಡವನ್ನು ನೆಲಮಟ್ಟಕ್ಕೆ ಕೊಯ್ಯುವಾಗ ಸರಪಣಿ ಒಮ್ಮೆ ಮಣ್ಣಿಗೆ ತಾಗಿದರೂ ಸಾಕು, ಹರಿತ ಹೋಗುತ್ತದೆ. ಆದ್ದರಿಂದ ಅರ ಹಿಡಿದು ಹಲ್ಲು ಹರಿತಗೊಳಿಸುವುದೂ ಎಂಜಿನ್ನಿನ ಚಿಕಿತ್ಸೆಯ ಒಂದು ಭಾಗವೇ. ಫಿಲ್ಟರನ್ನು ಸಾಬೂನಿನ ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ ಹಾಕಬೇಕು. ಹರಿದಿದ್ದರೆ ಹೊಸದು ಹಾಕಬೇಕು. ಫಿಲ್ಟರ್ ಇಲ್ಲದೆಯೇ ಓಡಿಸಿದರೆ ಒಳಹೋದ ದೂಳು ಸಿಲಿಂಡರಿನ ಒಳಮೈಯನ್ನು ಸವೆಸಿಬಿಡುತ್ತದೆ.

ಮೂರನೆಯದು ಸ್ಪಾರ್ಕ್ ಪ್ಲಗ್. ಅದರ ತುದಿಯ ಬಣ್ಣ ಎಂಜಿನ್ನಿನ ಒಳಗಿನ ಸ್ಥಿತಿಗೆ ಕನ್ನಡಿ ಹಿಡಿಯುತ್ತದೆ: ತಿಳಿಕಂದು ಇದ್ದರೆ ಮಿಶ್ರಣ ಸರಿ, ಕರಿ ಮಸಿಯಿದ್ದರೆ ಗಾಢ, ಸುಣ್ಣದಂತೆ ಬಿಳಿಚಿಕೊಂಡಿದ್ದರೆ ತೆಳು. ಯಂತ್ರ ನಿಂತೊಡನೆ ಬಿಚ್ಚಿ ನೋಡಿದಾಗ ತುದಿ ಒಣಗಿದ್ದರೆ ಪೆಟ್ರೋಲ್ ತಲುಪುತ್ತಿಲ್ಲ, ತೊಯ್ದಿದ್ದರೆ ಪೆಟ್ರೋಲ್ ಇದೆ, ಕಿಡಿ ಅಥವಾ ಗಾಳಿ ಸಾಲುತ್ತಿಲ್ಲ ಎಂದು ತಿಳಿಯಬಹುದು. ತುದಿಗಳ ನಡುವಿನ ಅಂತರ ಬಹಳಷ್ಟು ಗರಗಸಗಳಲ್ಲಿ ಅರ್ಧ ಮಿಲಿಮೀಟರ್ ಇರಬೇಕಾಗುತ್ತದೆ.

ನಾಲ್ಕನೆಯದು ಪೆಟ್ರೋಲಿನ ಫಿಲ್ಟರ್ ಮತ್ತು ನಳಿಕೆ. ಟ್ಯಾಂಕಿನ ಬಾಯಿಯಿಂದ ಕೊಕ್ಕೆಯಂತೆ ಬಗ್ಗಿಸಿದ ತಂತಿ ಹಾಕಿ ಎಳೆದರೆ ನಳಿಕೆಯ ತುದಿಯ ಪುಟ್ಟ ಫಿಲ್ಟರ್ ಹೊರಬರುತ್ತದೆ; ಅದು ಕಂದು ಬಣ್ಣಕ್ಕೆ ತಿರುಗಿ ಬಿರುಸಾಗಿದ್ದರೆ ತೊಳೆಯುವ ಗೋಜಿಗೆ ಹೋಗದೆ ಬದಲಾಯಿಸುವುದು ಲೇಸು. ನಳಿಕೆಯನ್ನು ಮೆಲ್ಲನೆ ಹಿಗ್ಗಿಸಿ ನೋಡಿದರೆ, ಅದು ಟ್ಯಾಂಕಿನ ಗೋಡೆಯನ್ನು ದಾಟುವ ಜಾಗದಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಬಹುದು. ಪೆಟ್ರೋಲ್ ಹೊರಗೆ ಸೋರದಿದ್ದರೂ ಆ ಬಿರುಕಿನಿಂದ ಗಾಳಿ ಒಳಗೆ ಸೇರುತ್ತಿರುತ್ತದೆ. ಒತ್ತಿ ಪೆಟ್ರೋಲ್ ತುಂಬಿಸುವ ಪಾರದರ್ಶಕ ಗುಂಡಿ ಇರುವ ಯಂತ್ರಗಳಲ್ಲಿ, ಎಷ್ಟು ಬಾರಿ ಒತ್ತಿದರೂ ಗುಂಡಿಯಲ್ಲಿ ಗುಳ್ಳೆಗಳು ನಿಲ್ಲದಿರುವುದೇ ಇದಕ್ಕೆ ಸಾಕ್ಷಿ.

ಐದನೆಯದು ಸೈಲೆನ್ಸರ್. ಹೊರಬರುವ ಕಿಡಿಗಳಿಂದ ಒಣಹುಲ್ಲಿಗೆ ಬೆಂಕಿ ಹತ್ತದಿರಲೆಂದು ಕೆಲವು ಯಂತ್ರಗಳಲ್ಲಿ ಅದರ ಬಾಯಿಗೆ ಸಣ್ಣ ಜಾಲರಿ ಇರುತ್ತದೆ. ಆಯಿಲ್ ಹೆಚ್ಚಾದ ಮಿಶ್ರಣದ ಮಸಿ ಇಲ್ಲಿ ಕಟ್ಟಿಕೊಂಡರೆ ಹೊಗೆ ಹೊರಹೋಗದೆ, ಹೊಸ ಮಿಶ್ರಣ ಒಳಬರಲಾರದೆ ಎಂಜಿನ್ ಉಸಿರುಗಟ್ಟುತ್ತದೆ. ತಂತಿಯ ಬ್ರಷ್ಷಿನಿಂದ ಜಾಲರಿಯನ್ನು ಉಜ್ಜಿ ಮತ್ತೆ ಅಲ್ಲೇ ಕೂರಿಸಬೇಕು. ಬೇಸಿಗೆಯ ಒಣಹುಲ್ಲಿನ ನಡುವೆ ಅದನ್ನು ಕಿತ್ತೆಸೆದು ಕೊಯ್ಯುವುದು ಬೆಂಕಿಗೆ ಆಹ್ವಾನ. ಸೈಲೆನ್ಸರ್ ಬಿಚ್ಚಿದಾಗ ಆ ರಂಧ್ರದಿಂದ ಪಿಸ್ಟನ್ನಿನ ಮೈ ಕಾಣುತ್ತದೆ. ಅದರ ಮೇಲೆ ಉದ್ದುದ್ದ ಗೀರುಗಳಿದ್ದರೆ ರೋಗ ಪೆಟ್ರೋಲಿನ ದಾರಿಯನ್ನು ದಾಟಿ ಎಂಜಿನ್ನಿನ ಒಡಲಿಗೇ ಮುಟ್ಟಿದೆ, ರಿಪೇರಿ ಲಾಭವೋ ಹೊಸ ಯಂತ್ರ ಲಾಭವೋ ಎಂದು ಲೆಕ್ಕ ಹಾಕುವ ಹಂತ ಬಂದಿದೆ ಎಂದರ್ಥ.

ಇಷ್ಟೆಲ್ಲ ಮುಗಿದ ಮೇಲೆಯೇ ಕಾರ್ಬುರೇಟರಿಗೆ ಕೈ ಹಾಕಬೇಕು. ಅದರೊಳಗೆ ಬೆರಳುಗುರಿಗಿಂತ ಚಿಕ್ಕದಾದ ಒಂದು ಜಾಲರಿ, ಸೂಜಿಬಾಗಿಲು, ಸನ್ನೆಕೋಲು ಮತ್ತು ಎರಡು ಪೊರೆಗಳಿವೆ. ಪೊರೆ ಬೆರಳಿಗೆ ಬಿರುಸಾಗಿ ತಾಗಿದರೆ, ಸುಕ್ಕುಗಟ್ಟಿದ್ದರೆ, ಪೊರೆ ಮತ್ತು ಗ್ಯಾಸ್ಕೆಟ್‌ಗಳು ಒಟ್ಟಿಗೆ ಸಿಗುವ ರಿಪೇರಿ ಕಿಟ್ ಹಾಕುವುದು ಸೂಕ್ತ. ಪೊರೆ ಮತ್ತು ಗ್ಯಾಸ್ಕೆಟ್‌ಗಳ ಜೋಡಣೆಯ ಕ್ರಮ ಅದಲುಬದಲಾದರೆ ಯಂತ್ರ ಹೊತ್ತುವುದೇ ಇಲ್ಲವಾದ್ದರಿಂದ, ಬಿಚ್ಚುವಾಗ ಹಂತಹಂತವಾಗಿ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳುವುದು ಜಾಣತನ. ರಂಧ್ರಗಳನ್ನು ಕ್ಲೀನರ್ ಸ್ಪ್ರೇಯಿಂದ ತೊಳೆಯಬೇಕೇ ಹೊರತು ತಂತಿಯಿಂದ ಚುಚ್ಚಬಾರದು. ತಂತಿ ರಂಧ್ರವನ್ನು ದೊಡ್ಡದಾಗಿಸಿ ಅಳತೆಯನ್ನೇ ಕೆಡಿಸುತ್ತದೆ.

ಬಿಸಿಲು ಮತ್ತು ಎತ್ತರ

ಕಲ್ಯಾಣದುರ್ಗದ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ. ಅಂಥ ದಿನ ಗಂಟೆಗಟ್ಟಲೆ ಓಡಿದ ಗರಗಸವನ್ನು ಬಿಸಿಲಿನಲ್ಲೇ ಇಟ್ಟು ಮತ್ತೆ ಹೊತ್ತಿಸಿದಾಗ, ನಳಿಕೆಯಲ್ಲಿರುವ ಪೆಟ್ರೋಲ್ ಆವಿಯಾಗಿ ಗುಳ್ಳೆ ಕಟ್ಟಿ, ಪಂಪು ದ್ರವದ ಬದಲು ಆವಿಯನ್ನು ಎಳೆಯತೊಡಗುತ್ತದೆ. ಇದನ್ನು ಆವಿ ಅಡಚಣೆ ಎನ್ನಬಹುದು. ಯಂತ್ರವನ್ನು ಹುಣಸೆಯದೋ ಹೊಂಗೆಯದೋ ನೆರಳಿನಲ್ಲಿ ಕಾಲು ಗಂಟೆ ಇಡುವುದೂ, ಹಗ್ಗದ ಬದಿಯ ಗಾಳಿಕಿಂಡಿಗಳಲ್ಲೂ ಸಿಲಿಂಡರಿನ ರೆಕ್ಕೆಗಳ ನಡುವೆಯೂ ತುಂಬಿದ ಮರದ ಹಿಟ್ಟನ್ನು ತೆಗೆಯುವುದೂ ಇದಕ್ಕೆ ಪರಿಹಾರ. ಶಾಖದಿಂದ ಸೋಲುವ ಇನ್ನೊಂದು ಭಾಗ ಕಿಡಿ ಹುಟ್ಟಿಸುವ ಕಾಯಿಲ್. ತಣ್ಣಗಿರುವಾಗ ಚೆನ್ನಾಗಿದ್ದು, ಬಿಸಿಯಾದಾಗ ಅದರೊಳಗಿನ ಸಂಪರ್ಕ ಕಡಿದುಹೋಗುವುದುಂಟು. ಯಂತ್ರ ಬಿಸಿಯಿಂದ ನಿಂತ ಕ್ಷಣದಲ್ಲಿ ಕಿಡಿ ಕಾಣದೆ, ತಣಿದ ಮೇಲೆ ಕಂಡರೆ ಕಾಯಿಲ್ ಬದಲಾಯಿಸಬೇಕು. ಅದಕ್ಕೂ ಫ್ಲೈವೀಲಿಗೂ ನಡುವಿನ ಅಂತರ ಒಂದು ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು, ಸುಮಾರು 0.3 ಮಿಲಿಮೀಟರ್, ಇರುವಂತೆ ಕೂರಿಸಲಾಗುತ್ತದೆ.

ಹಿಂದೂಪುರ ಸಮುದ್ರಮಟ್ಟದಿಂದ 600 ಮೀಟರಿಗೂ ತುಸು ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಕಡಲತೀರಕ್ಕಿಂತ ಸುಮಾರು ಶೇಕಡಾ 7ರಷ್ಟು ಕಡಿಮೆ, ಬಿಸಿಲಿನಲ್ಲಿ ಗಾಳಿ ಇನ್ನಷ್ಟು ವಿರಳ. ಎತ್ತರವೂ ಬಿಸಿಲೂ ಮಿಶ್ರಣವನ್ನು ಗಾಢದ ಕಡೆಗೆ ಎಳೆದರೆ ಎಥನಾಲ್ ತೆಳುವಿನ ಕಡೆಗೆ ಎಳೆಯುತ್ತದೆ. ಬೇರೆಲ್ಲೋ ಕೂತವರು ಹೇಳಿದ ಸ್ಕ್ರೂ ಅಳತೆ ಇಲ್ಲಿಗೆ ಹಾಗೆಯೇ ಹೊಂದದಿರುವುದಕ್ಕೆ ಇದೇ ಕಾರಣ. ಕೊನೆಯ ಹೊಂದಾಣಿಕೆಯನ್ನು ಯಂತ್ರ ದುಡಿಯುವ ಊರಿನಲ್ಲೇ, ಅದು ಕುಡಿಯುವ ಪೆಟ್ರೋಲಿನಲ್ಲೇ ಮಾಡಬೇಕು.

ರೋಗ ಮುಚ್ಚುವ ಚಿಕಿತ್ಸೆಗಳು

ಕಾರ್ಬುರೇಟರಿನ ಮೇಲೆ ಸಾಮಾನ್ಯವಾಗಿ ಮೂರು ಸ್ಕ್ರೂಗಳಿರುತ್ತವೆ. ಎಲ್ ಎಂಬ ಗುರುತಿನದು ನಿಧಾನಗತಿಯ ಪೆಟ್ರೋಲನ್ನೂ, ಎಚ್ ಎಂಬುದು ವೇಗದ ಪೆಟ್ರೋಲನ್ನೂ, ಟಿ ಅಥವಾ ಎಲ್‌ಎ ಎಂಬುದು ನಿಧಾನಗತಿಯ ಓಟವನ್ನೂ ನಿಯಂತ್ರಿಸುತ್ತವೆ. ನಿಲ್ಲುವ ಯಂತ್ರಕ್ಕೆ ಎಲ್ಲರಿಗೂ ತೋಚುವ ಮದ್ದು ಮೂರನೆಯ ಸ್ಕ್ರೂವನ್ನು ಬಿಗಿಸಿ ಓಟ ಹೆಚ್ಚಿಸುವುದು. ಎಂಜಿನ್ ನಿಲ್ಲುವುದಿಲ್ಲ ನಿಜ, ಆದರೆ ಆಕ್ಸಿಲರೇಟರ್ ಮುಟ್ಟದಿದ್ದರೂ ಸರಪಣಿ ತಿರುಗುತ್ತಲೇ ಇರುತ್ತದೆ. ನಿಧಾನಗತಿಯಲ್ಲಿ ಸರಪಣಿ ಕದಲಬಾರದು ಎಂಬುದು ಈ ಯಂತ್ರದ ಸುರಕ್ಷತೆಯ ಮೊದಲ ನಿಯಮ. ಕೊಂಬೆಯಿಂದ ಕೊಂಬೆಗೆ ಸರಿಯುವಾಗ, ಮುಗ್ಗರಿಸಿದಾಗ, ಲುಂಗಿ ಅಥವಾ ಪ್ಯಾಂಟಿನ ಅಂಚು ತಾಗಿದಾಗ ತಿರುಗುವ ಸರಪಣಿ ಮರವನ್ನೂ ತೊಡೆಯನ್ನೂ ಬೇರೆಬೇರೆಯಾಗಿ ನೋಡುವುದಿಲ್ಲ. ಎಚ್ ಸ್ಕ್ರೂವನ್ನು ಒಳಕ್ಕೆ ತಿರುಗಿಸಿ ಮೊನಚಾದ ಸದ್ದು ಬರಿಸುವುದು ಎರಡನೆಯ ತಪ್ಪು ಮದ್ದು. ಆ ಸದ್ದು ಶಕ್ತಿಯದಲ್ಲ. ಪೆಟ್ರೋಲಿನ ಜೊತೆ ಎಣ್ಣೆಯೂ ಕಡಿಮೆಯಾದ ಎಂಜಿನ್ನಿನ ಚೀತ್ಕಾರ.

ಎಂಜಿನ್ನಿನಲ್ಲಿ ಯಾವ ದೋಷವೂ ಇಲ್ಲದೆ ಗರಗಸ ನಿಲ್ಲುವ ಸಂದರ್ಭವೂ ಇದೆ. ಸರಪಣಿ ಬಿಗಿಯಾಗಿದ್ದರೆ, ಸರಪಣಿಯ ಎಣ್ಣೆ ಮುಗಿದಿದ್ದರೆ, ತೆಂಗಿನ ನಾರು ಸ್ಪ್ರಾಕೆಟ್ಟಿಗೆ ಸುತ್ತಿಕೊಂಡಿದ್ದರೆ, ಆಕ್ಸಿಲರೇಟರ್ ಒತ್ತಿ ಕ್ಲಚ್ ಹಿಡಿದೊಡನೆ ಎಂಜಿನ್ ಆ ಭಾರಕ್ಕೆ ಸೋಲುತ್ತದೆ. ಎಂಜಿನ್ ಆರಿಸಿ, ಚೈನ್ ಬ್ರೇಕ್ ಸಡಿಲಿಸಿ, ಗ್ಲೌಸು ತೊಟ್ಟ ಕೈಯಿಂದ ಸರಪಣಿಯನ್ನು ಎಳೆದಾಗ ಅದು ಸರಾಗವಾಗಿ ಜಾರಬೇಕು, ಆದರೆ ಸರಪಣಿ ಸುತ್ತುವ ಪಟ್ಟಿಯಾದ ಬಾರಿನ ಕೆಳಗೆ ಜೋತು ಬೀಳಬಾರದು. ಇಷ್ಟನ್ನು ನೋಡದೆ ಕಾರ್ಬುರೇಟರ್ ಬಿಚ್ಚಿದರೆ ದುಡಿಮೆಯ ಒಂದು ದಿನ ವ್ಯರ್ಥ.

ಋತು ಮುಗಿದಾಗ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ಆರುವವರೆಗೆ ಓಡಿಸಿ, ಫಿಲ್ಟರ್ ತೊಳೆದು, ದೂಳು ಬೀಳದ ಕಡೆ ಇಟ್ಟರೆ ಮುಂದಿನ ಬೇಸಿಗೆಯ ಅರ್ಧ ರೋಗಗಳು ಹುಟ್ಟುವುದೇ ಇಲ್ಲ. ಯಂತ್ರ ಸರಿಯಾಯಿತೆಂದು ಯಾವ ಮರಕ್ಕಾದರೂ ಹಚ್ಚುವಂತಿಲ್ಲ ಎಂಬುದನ್ನೂ ಮರೆಯಬಾರದು. ಆಂಧ್ರಪ್ರದೇಶದಲ್ಲಿ 2002ರಿಂದ ಜಾರಿಯಲ್ಲಿರುವ ಜಲ, ನೆಲ ಮತ್ತು ವೃಕ್ಷ ಕಾಯ್ದೆಯು ಮರ ಕಡಿಯುವುದಕ್ಕೆ ಅನುಮತಿಯ ಕಟ್ಟಳೆಯನ್ನು ವಿಧಿಸುತ್ತದೆ.

ಮನೆಯ ಮಟ್ಟದ ಪರೀಕ್ಷೆಗಳೆಲ್ಲ ಮುಗಿದೂ ಯಂತ್ರ ಆರುತ್ತಿದ್ದರೆ ಮೆಕ್ಯಾನಿಕ್ಕಿನ ಬಳಿಗೆ ಒಯ್ಯಲೇಬೇಕು. ಹಾಗೆ ಒಯ್ಯುವಾಗ ಒಂದು ಚೀಟಿಯಲ್ಲಿ ನಾಲ್ಕು ಸಂಗತಿಗಳನ್ನು ಬರೆದುಕೊಂಡು ಹೋಗುವುದು ಒಳ್ಳೆಯದು: ಹೊತ್ತಿದ ಮೇಲೆ ಎಷ್ಟು ಹೊತ್ತು ಓಡುತ್ತದೆ, ನಿಲ್ಲುವಾಗ ಚೋಕ್ ಮತ್ತು ಆಕ್ಸಿಲರೇಟರ್ ಯಾವ ಸ್ಥಿತಿಯಲ್ಲಿರುತ್ತವೆ, ನಿಲ್ಲುವ ಮುನ್ನ ಚೀರುತ್ತದೆಯೋ ಮುಗ್ಗರಿಸುತ್ತದೆಯೋ, ಟ್ಯಾಂಕಿನ ಪೆಟ್ರೋಲ್ ಯಾವ ದಿನ ಬೆರೆಸಿದ್ದು. ಮಿಷನ್ ನಿಂತುಹೋಗುತ್ತದೆ ಎಂಬ ಒಂದೇ ಮಾತಿಗಿಂತ ಈ ನಾಲ್ಕು ಸಾಲಿನ ಚೀಟಿ ಮೆಕ್ಯಾನಿಕ್ಕಿಗೆ ಹೆಚ್ಚು ಹೇಳುತ್ತದೆ, ಗರಗಸದ ಒಡೆಯನಿಗೆ ಖರ್ಚನ್ನೂ ಉಳಿಸುತ್ತದೆ.